ಮಕ್ಕಳ ಪ್ಯಾಲಿಯೇಟಿವ್ ಕೇರ್ ತರಬೇತಿ: ಸ್ಲೈಡ್ ಕಡಿಮೆ ಮಾಡಿ, ಕೈಗೆ ಸಿರಿಂಜ್ ಕೊಡಿ

ಕುಮಟಾ ಕಡೆ ಮಕ್ಕಳ ಪ್ಯಾಲಿಯೇಟಿವ್ ಕೇರ್, ಅಂದರೆ ದೊಡ್ಡ ಕಾಯಿಲೆ ಇರುವ ಮಕ್ಕಳ ನೋವು, ಸಂಕಟ ಕಡಿಮೆ ಮಾಡುವ ಆರೈಕೆ, ಅದರದ್ದೊಂದು ತರಬೇತಿ. ಊಟಕ್ಕೆ ಮುಂಚೆ ನಲವತ್ತು ಸ್ಲೈಡ್ ತೋರಿಸಿದ್ದೆ. ಊಟ ಆದಮೇಲೆ ಒಂದೇ ಪ್ರಶ್ನೆ ಕೇಳಿದೆ: 12 ಕೆಜಿ ತೂಕದ ಮಗು, ನೋವಿದೆ, ಪ್ಯಾರಾಸಿಟಮಾಲ್ ಸಿರಪ್ ಎಷ್ಟು ಎಂಎಲ್ ಕೊಡ್ತೀರಿ? ಇಡೀ ಕೋಣೆ ಗಪ್‌ಚುಪ್. ತಪ್ಪು ಅವರದ್ದಲ್ಲ, ನನ್ನದು.

ಅದಕ್ಕೇ ಹೇಳೋದು, ನರ್ಸ್, ಆಶಾ ಕಾರ್ಯಕರ್ತೆಯರಿಗೆ ಈ ತರಬೇತಿ ಕೊಡುವವರು ಇದೇ ಲೆಕ್ಕದಿಂದ ಶುರು ಮಾಡಿ. ಕೆಜಿಗೆ 15 ಮಿಲಿಗ್ರಾಂ ಅಂದರೆ 12 ಕೆಜಿಗೆ 180 ಮಿಲಿಗ್ರಾಂ. ಈಗ ಎರಡು ಬಾಟಲಿ ಮೇಜಿನ ಮೇಲಿಡಿ. ಒಂದರಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 5 ಎಂಎಲ್‌ಗೆ 250. ಮೊದಲನೆಯದಾದರೆ 7.5 ಎಂಎಲ್, ಎರಡನೆಯದಾದರೆ 3.6. ಅದೇ ಮಗು, ಅದೇ ಔಷಧ, ಅಳತೆ ಮಾತ್ರ ಎರಡು ಪಟ್ಟು ಆಚೀಚೆ. "ಒಂದು ಚಮಚ ಕೊಡಿ" ಅನ್ನುವ ಅಭ್ಯಾಸ ಅಲ್ಲೇ ಬಿಟ್ಟುಹೋಗುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ ಅನ್ನೋದನ್ನೂ ಅಲ್ಲೇ ಸೇರಿಸಿ.

ಪ್ಯಾಲಿಯೇಟಿವ್ ಕೇರ್ ಸಾಯುವ ಮಕ್ಕಳಿಗೆ ಮಾತ್ರ ಅಂತ ತಿಳಿದುಕೊಂಡೇ ಎಲ್ಲರೂ ಬರುತ್ತಾರೆ. ಹಾಗಲ್ಲ. ಕಾಯಿಲೆ ಗೊತ್ತಾದ ದಿನದಿಂದಲೇ, ಚಿಕಿತ್ಸೆಯ ಜೊತೆಜೊತೆಗೇ ಇದು ನಡೆಯಬೇಕು. ಕ್ಯಾನ್ಸರ್ ಒಂದೇ ಅಲ್ಲ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದಿರುವುದು), ಸ್ನಾಯು ಸವೆಯುವ ಕಾಯಿಲೆ, ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆ, ಹುಟ್ಟಿನಿಂದಲೇ ಬಂದ ಹೃದಯದ ದೋಷ, ಎಲ್ಲದಕ್ಕೂ. ಇದನ್ನು ಐದು ನಿಮಿಷದಲ್ಲಿ ಮುಗಿಸಿ ಮುಂದೆ ಹೋಗಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ನೋವು ಅಳೆಯುವುದಕ್ಕೆ. ಎಂಟು ವರ್ಷ ದಾಟಿದ ಮಗುವಿಗೆ "ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವು?" ಅಂತ ಕೇಳಬಹುದು. ನಾಲ್ಕು ವರ್ಷ ಆದವರಿಗೆ ಮುಖಗಳ ಚಿತ್ರ ತೋರಿಸಬಹುದು. ಅದಕ್ಕಿಂತ ಚಿಕ್ಕವರಿಗೆ, ಮಾತು ಬಾರದವರಿಗೆ ಫ್ಲಾಕ್ ಅಂತ ಒಂದು ಅಳತೆ ಇದೆ: ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಮಾಡಿದರೆ ಸುಮ್ಮನಾಗುತ್ತದೋ ಇಲ್ಲವೋ. ಒಂದೊಂದಕ್ಕೆ 0, 1 ಅಥವಾ 2, ಒಟ್ಟು 10. ಕಾಲು ಮಡಚಿ ಒದೆಯುತ್ತಿದ್ದರೆ 2, ಚಡಪಡಿಸುತ್ತಿದ್ದರೆ 1. ಬಾಯಲ್ಲಿ ಹೇಳಿದರೆ ಸಾಲದು, ವಾರ್ಡಿಗೆ ಕರೆದುಕೊಂಡು ಹೋಗಿ, ಇಬ್ಬಿಬ್ಬರು ಒಂದೇ ಮಗುವನ್ನು ನೋಡಿ ಬೇರೆಬೇರೆ ಅಂಕ ಬರೆಯಲಿ, ಆಮೇಲೆ ಯಾಕೆ ವ್ಯತ್ಯಾಸ ಬಂತು ಅಂತ ಜಗಳ ಆಡಲಿ. ಕಲಿಯೋದು ಆ ಜಗಳದಲ್ಲೇ.

ಒಂದು ಎಚ್ಚರಿಕೆ. ತುಂಬಾ ದಿನದಿಂದ ನೋವು ತಿಂದ ಮಗು ಅಳುವುದನ್ನೇ ಬಿಟ್ಟುಬಿಡುತ್ತದೆ. ಆಟ ಇಲ್ಲ, ಯಾರ ಮುಖವನ್ನೂ ನೋಡುವುದಿಲ್ಲ, ಸುಮ್ನೆ ಮಲಗಿರುತ್ತದೆ. ಫೈಲಿನಲ್ಲಿ ನಾವು "ಆರಾಮಾಗಿದೆ" ಅಂತ ಬರೆದು ಬರುತ್ತೇವೆ. ಅಂಥಲ್ಲಿ ತಾಯಿಯನ್ನೇ ಕೇಳಿ. ಸೆರೆಬ್ರಲ್ ಪಾಲ್ಸಿ ಇದ್ದ ಹುಡುಗನ ಆಯಿ ಒಬ್ಬರು ನಮಗೆ ಹೇಳಿದ್ದು: "ಅವನಿಗೆ ನೋವು ಬಂದರೆ ಎಡಗೈ ಹೆಬ್ಬೆರಳು ಒಳಗೆ ಮಡಚಿ ಹಿಡ್ಕೊಳ್ತಾನೆ, ಬೇರೆ ಏನೂ ಮಾಡೂದಿಲ್ಲ." ಇಂಥ ಗುರುತನ್ನು ಆ ಮಗುವಿನ ಚೀಟಿಯಲ್ಲಿ ಬರೆದಿಡುವುದನ್ನು ಕಲಿಸಿ.

ಇನ್ನು ಮಾರ್ಫಿನ್, ಜೋರು ನೋವಿಗೆ ಕೊಡುವ ಔಷಧ. ಹೆಸರು ಹೇಳಿದ ಕೂಡಲೇ ಕೈ ನಡುಗುತ್ತದೆ, ಡಾಕ್ಟರದ್ದೂ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಭಯ ಇನ್ನೂ ಹೋಗಿಲ್ಲ. 2014ರ ತಿದ್ದುಪಡಿ ಬಂದಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ತರಬೇತಿ ಪಡೆದ ವೈದ್ಯರಿದ್ದರೆ ಇದನ್ನು ಇಟ್ಟುಕೊಳ್ಳುವ ದಾರಿ ಸುಲಭವಾಗಿದೆ ಅಂತ ಹೇಳಿ. ಡೋಸ್ ನಿರ್ಧರಿಸುವುದು ಡಾಕ್ಟರ್, ಅದೂ ತೂಕ ನೋಡಿ. ಎಳೆಕೂಸುಗಳಿಗೆ ತೀರಾ ಕಡಿಮೆಯಿಂದ ಶುರು. ನರ್ಸ್ ತಿಳಿದಿರಬೇಕಾದದ್ದು ಬೇರೆ. ಬಾಯಿಗೆ ಹಾಕುವ ಮಾಮೂಲಿ ಮಾರ್ಫಿನ್ ನಾಲ್ಕು ತಾಸಿಗೊಮ್ಮೆ ಗಡಿಯಾರ ನೋಡಿ ಕೊಡಬೇಕು, ಮಗು ಅಳಲಿ ಅಂತ ಕಾಯಬಾರದು. ಮಲ ಕಟ್ಟುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಅದಕ್ಕೂ ಔಷಧ ಬೇಕು, ಡಾಕ್ಟರು ಬರೆಯಲು ಮರೆತಿದ್ದರೆ ನೆನಪಿಸಿ. ಎರಡು ಮೂರು ದಿನ ಮಂಪರು ಇರಬಹುದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನ ಆದರೆ ಮುಂದಿನ ಡೋಸ್ ಕೊಡದೆ ತಕ್ಷಣ ಡಾಕ್ಟರಿಗೆ ಫೋನ್.

ಇದಕ್ಕೆ ನಾವು ಮಾಡಿಸುವ ಅಭ್ಯಾಸ: ಸೂಜಿ ಇಲ್ಲದ ಸಿರಿಂಜ್, ಒಂದು ಲೋಟ ಮುರುಗಲು ಶರಬತ್ತು. ಚೀಟಿಯಲ್ಲಿ ಬೇಕಂತಲೇ ".5 ಎಂಎಲ್" ಅಂತ ಗೀಚಿ ಕೊಡುತ್ತೇನೆ. ಪ್ರತಿ ಸಲ ಯಾರಾದರೂ ಒಬ್ಬರು 5 ಎಂಎಲ್ ಎಳೆದು, ಕೆಂಪಗೆ ತುಂಬಿದ ಸಿರಿಂಜನ್ನು ಹೆಮ್ಮೆಯಿಂದ ಎತ್ತಿ ತೋರಿಸುತ್ತಾರೆ. ಹತ್ತು ಪಟ್ಟು! ನಗು ನಿಂತಮೇಲೆ ಎಲ್ಲರೂ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ: ಚುಕ್ಕಿಯ ಎಡಕ್ಕೆ ಯಾವಾಗಲೂ ಸೊನ್ನೆ ಇರಲಿ, 0.5, ಪೂರ್ತಿ ಸಂಖ್ಯೆಯ ಬಲಕ್ಕೆ ಚುಕ್ಕಿ-ಸೊನ್ನೆ ಬೇಡ, 5.0 ಅಲ್ಲ, 5 ಅಷ್ಟೇ. ಆಮೇಲೆ ಪಕ್ಕದವರು ತಾಯಿ ಆಗಲಿ, ಅವರಿಗೆ ಕಲಿಸಲಿ, ಅವರು ವಾಪಸ್ ಮಾಡಿ ತೋರಿಸುವ ತನಕ ಬಿಡಬೇಡಿ. "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ, ಅಲ್ವಾ?

ಮಾತಾಡುವುದು ಎಲ್ಲಕ್ಕಿಂತ ಕಷ್ಟ. ನಾಟಕ ಮಾಡಿಸಿ. ಒಬ್ಬರು ಅಪ್ಪ: "ಸಿಸ್ಟರ್, ಇವಳಿಗೆ ಇನ್ನೆಷ್ಟು ದಿನ?" ಎದುರಿನವರು ಹತ್ತಕ್ಕೆ ಒಂಬತ್ತು ಸಲ "ಏನೂ ಆಗೂದಿಲ್ಲ, ದೇವರಿದ್ದಾನೆ" ಅನ್ನುತ್ತಾರೆ. ಆ ವಾಕ್ಯವನ್ನು ಆ ದಿನದ ಮಟ್ಟಿಗೆ ನಿಷೇಧ ಮಾಡಿ. ಬದಲಿಗೆ "ನಿಮಗೆ ಈಗ ಯಾವುದರ ಹೆದರಿಕೆ ಜಾಸ್ತಿ?" ಅಂತ ಕೇಳಿ, ಬಾಯಿ ಮುಚ್ಚಿ ಮನಸ್ಸಲ್ಲೇ ಹತ್ತು ಎಣಿಸಲಿ. ಹತ್ತು ಎಣಿಸುವುದು ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತದೆ. ಐದಾರು ವರ್ಷದ ಮಗು, ತಾನು ತಂಟೆ ಮಾಡಿದ್ದಕ್ಕೇ ಕಾಯಿಲೆ ಬಂತು ಅಂದುಕೊಂಡಿರಬಹುದು, ಕೇಳದಿದ್ದರೂ "ನಿನ್ನ ತಪ್ಪಲ್ಲ ತಂಗೀ" ಅನ್ನಬೇಕು. ಇನ್ನೊಂದು, ಕಾರವಾರದ ಕಡೆ ಎಷ್ಟೋ ಮನೆಗಳಲ್ಲಿ ಕೊಂಕಣಿ. ಶುದ್ಧ ಕನ್ನಡದಲ್ಲಿ "ನೋವಿದೆಯಾ ಪುಟ್ಟಾ?" ಅಂದರೆ ಪಿಳಿಪಿಳಿ ನೋಡುವ ಮಗು "ದುಕ್ತಾ?" ಅಂದ ಕೂಡಲೇ ಹೊಟ್ಟೆ ಮುಟ್ಟಿ ತೋರಿಸೀತು.

ಮನೆಗೆ ಕಳಿಸುವ ಚೀಟಿಯನ್ನೂ ತರಬೇತಿಯಲ್ಲೇ ಬರೆಸಿ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುವವರು. ಮಳೆಗಾಲದಲ್ಲಿ ಆ ದಾರಿಯ ನಂಬಿಕೆ ಇಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದು ನೆನಪಿದೆಯಲ್ಲ, ಘಟ್ಟದ ರಸ್ತೆಗಳದ್ದೂ ಅದೇ ಕತೆ. ಹಾಗಾಗಿ ಮೇ ಮುಗಿಯುವುದರೊಳಗೆ ಪ್ರತಿ ಮಗುವಿನ ಮನೆಯಲ್ಲಿ ಕನ್ನಡದ ಒಂದು ಹಾಳೆ ಇರಲಿ: ಇವತ್ತಿನ ತೂಕ, ಯಾವ ಔಷಧ, ಎಷ್ಟು ಎಂಎಲ್, ಎಷ್ಟು ಹೊತ್ತಿಗೆ, ರಾತ್ರಿ ನೋವು ಏರಿದರೆ ಮೊದಲು ಏನು ಮಾಡಬೇಕು, ಯಾರಿಗೆ ಫೋನ್. ಮಳೆ ಶುರುವಾಗುವ ಮೊದಲೇ ಎಷ್ಟು ದಿನದ ಔಷಧ ಕೊಡಬಹುದು ಅಂತ ಡಾಕ್ಟರ ಹತ್ತಿರ ಮಾತಾಡಿ. ಮಾರ್ಫಿನ್ ಬೀಗದೊಳಗೆ.

ಒಂದು ದಿನದ ತರಬೇತಿ ಒಂದು ತಿಂಗಳಲ್ಲಿ ಮರೆತುಹೋಗುತ್ತದೆ. ತಿಂಗಳಿಗೊಮ್ಮೆ ಎಲ್ಲರನ್ನೂ ಫೋನಿನಲ್ಲಿ ಸೇರಿಸಿ, ಒಂದು ಮಗುವಿನ ವಿಷಯ ಮಾತಾಡಿ. ಮಗು ತೀರಿಕೊಂಡಿದ್ದರೆ ಆ ಆಶಾ ಕಾರ್ಯಕರ್ತೆಗೆ ಮೊದಲು ಮಾತು ಬಿಡಿ. ಅವಳು ಅದೇ ಕೇರಿಯವಳು, ಆ ಮನೆಯ ಮುಂದೆಯೇ ದಿನಾ ಓಡಾಡುವವಳು. ರಿಜಿಸ್ಟರ್ ಲೆಕ್ಕ ಆಮೇಲೆ ಕೇಳಿ. ಫೋನ್ ಇಡುವ ಮುಂಚೆ ಒಬ್ಬರಿಗೆ ಅವರ ಕಪಾಟಿನ ಸಿರಪ್ ಬಾಟಲಿ ಎತ್ತಿಕೊಂಡು ಲೇಬಲ್ ಓದಲು ಹೇಳಿ, 12 ಕೆಜಿಗೆ ಎಷ್ಟು ಅಂತ ಕೇಳಿ.