ಓರೆಯಾಗಿ ಕೂತ ಆಕ್ಸಿಲರಿ ವ್ಯೂ ಓದುವುದು ಹೇಗೆ?

ಶಾಪ್ ಡ್ರಾಯಿಂಗ್‌ನಲ್ಲಿ ಫ್ರಂಟ್, ಟಾಪ್, ಸೈಡ್ ವ್ಯೂಗಳು ನೆಟ್ಟಗೆ ಇರುತ್ತವೆ. ಒಂದು ಮಾತ್ರ ವಾಲಿಕೊಂಡು, ಅದೂ ಅರ್ಧಂಬರ್ಧ ಎಳೆದು ಬಿಟ್ಟ ಹಾಗೆ ಕಾಣುತ್ತದೆ. ಅದೇ ಆಕ್ಸಿಲರಿ ವ್ಯೂ. ಹೊಸದಾಗಿ ಶಾಪ್‌ಗೆ ಬಂದವರು ಅದನ್ನು ಕೊನೆಗೆ ನೋಡುತ್ತಾರೆ, ಇಲ್ಲಾ ನೋಡುವುದೇ ಇಲ್ಲ. ಆದರೆ ಜಾಬ್‌ನಲ್ಲಿ, ಅಂದರೆ ಮಾಡಬೇಕಾದ ಭಾಗದಲ್ಲಿ, ಓರೆ ಮುಖ ಇದ್ದರೆ ಅದರ ಅಸಲಿ ಆಕಾರ ಸಿಗುವುದು ಅಲ್ಲಿ ಮಾತ್ರ.

ಒಂದು ಬ್ರ್ಯಾಕೆಟ್ ಇಟ್ಟುಕೊಂಡು ನೋಡೋಣ. ಕೆಳಗೆ ಚಪ್ಪಟೆ ಬೇಸ್, ಅದರ ಬಲತುದಿಯಿಂದ ಒಂದು ಪ್ಲೇಟು 30 ಡಿಗ್ರಿ ಓರೆಯಾಗಿ ಮೇಲೆದ್ದಿದೆ. ಆ ಓರೆ ಮುಖದ ಉದ್ದ 60 ಮಿಮೀ, ಅಗಲ 40. ಅದರಲ್ಲಿ 20 ಮಿಮೀ ತೂತು, ಮುಖಕ್ಕೆ ಸರಿಯಾಗಿ 90 ಡಿಗ್ರಿಗೆ. ಪಕ್ಕದಲ್ಲಿ, ಮುಂದಿನ ಅಂಚಿನಿಂದ 12 ಮಿಮೀ ಒಳಗೆ ಒಂದು ಎಂ6 ಟ್ಯಾಪ್, ಅಂದರೆ 6 ಮಿಮೀ ಸ್ಕ್ರೂಗೆ ಥ್ರೆಡ್ ಕೊರೆದ ತೂತು.

ಟಾಪ್ ವ್ಯೂನಲ್ಲಿ 60ರ ಈ ಮುಖ ಬರೀ 52 ಕಾಣುತ್ತದೆ, ಯಾಕೆಂದರೆ ಕಾಸ್ 30 ಅಂದರೆ 0.866. ಸೈಡ್ ವ್ಯೂನಲ್ಲಿ ಇನ್ನೂ ಕಡಿಮೆ, 30 ಅಷ್ಟೇ. ದುಂಡಗಿನ ತೂತು ಎರಡರಲ್ಲೂ ಮೊಟ್ಟೆಯಾಕಾರ: ಟಾಪ್‌ನಲ್ಲಿ 20ಕ್ಕೆ 17.3, ಸೈಡ್‌ನಲ್ಲಿ 20ಕ್ಕೆ 10. ಅಗಲ 40 ಮಾತ್ರ ಈ ಎರಡರಲ್ಲೂ ಹಾಗೇ ಇರುತ್ತದೆ. ಆ ದಿಕ್ಕಿಗೆ ಓರೆ ಇಲ್ವಲ್ಲ.

ಹಾಗಾಗಿ ಮೊದಲು ಆಕ್ಸಿಲರಿ ವ್ಯೂ ನೋಡಬೇಡಿ. ಆ ಮುಖ ಯಾವ ವ್ಯೂನಲ್ಲಿ ಬರೀ ಒಂದು ಗೆರೆಯಾಗಿ ಕಾಣುತ್ತದೆ ಅಂತ ಹುಡುಕಿ. ನಮ್ಮ ಬ್ರ್ಯಾಕೆಟ್‌ನಲ್ಲಿ ಅದು ಫ್ರಂಟ್ ವ್ಯೂನ ಓರೆ ಗೆರೆ. ಅದರ ಉದ್ದ ಪೂರ್ತಿ 60. ಆ ಗೆರೆಗೆ ನೇರ 90 ಡಿಗ್ರಿಯಲ್ಲಿ ಕಣ್ಣಿಟ್ಟು ನೋಡಿದರೆ ಏನು ಕಾಣುತ್ತದೋ ಅದೇ ಆಕ್ಸಿಲರಿ ವ್ಯೂ. ತೂತಿನ ಸೆಂಟರ್ ಲೈನ್ ಹಿಡಿದು ಹೊರಟರೆ ಎಷ್ಟೋ ಸಲ ಅದೇ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತದೆ.

ಆಮೇಲೆ ಟೈಟಲ್ ಬ್ಲಾಕ್ (ಶೀಟಿನ ಮೂಲೆಯ ವಿವರದ ಚೌಕ) ನೋಡಿ, ವ್ಯೂಗಳನ್ನು ಯಾವ ಪದ್ಧತಿಯಲ್ಲಿ ಜೋಡಿಸಿದ್ದಾರೆ ಅಂತ ಅಲ್ಲಿರುತ್ತದೆ. ಇದನ್ನು ದಯವಿಟ್ಟು ಬಿಡಬೇಡಿ. ನಮ್ಮಲ್ಲಿ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಪ್ರಕಾರ ಫಸ್ಟ್ ಆಂಗಲ್, ಅಮೆರಿಕದ ಕಸ್ಟಮರ್ ಕಳಿಸುವ ಡ್ರಾಯಿಂಗ್ ಸಾಮಾನ್ಯವಾಗಿ ಥರ್ಡ್ ಆಂಗಲ್. ಥರ್ಡ್ ಆಂಗಲ್‌ನಲ್ಲಿ ನೀವು ನಿಂತು ನೋಡುವ ಕಡೆಗೇ ವ್ಯೂ ಬರುತ್ತದೆ, ಅಂದರೆ ಇಲ್ಲಿ ಫ್ರಂಟ್ ವ್ಯೂನ ಎಡ ಮೇಲ್ಗಡೆ. ಫಸ್ಟ್ ಆಂಗಲ್‌ನಲ್ಲಿ ಅದರ ಎದುರು ಬದಿ, ಬಲ ಕೆಳಗಡೆ.

ಇಲ್ಲೇ ಜಾಸ್ತಿ ಜನ ಎಡವುವುದು. ಟ್ಯಾಪ್ ಮುಂದಿನ ಅಂಚಿನ ಕಡೆ ಇದೆಯೋ ಹಿಂದಿನ ಅಂಚಿನ ಕಡೆಯೋ? ಒಂದು ಸುಲಭದ ಪರೀಕ್ಷೆ ಇದೆ, ಎರಡೂ ಪದ್ಧತಿಗೆ ನಡೆಯುತ್ತದೆ: ಟಾಪ್ ವ್ಯೂನಲ್ಲಿ ಯಾವ ಅಂಚು ಫ್ರಂಟ್ ವ್ಯೂಗೆ ಹತ್ತಿರ ಇದೆಯೋ, ಆಕ್ಸಿಲರಿ ವ್ಯೂನಲ್ಲೂ ಅದೇ ಅಂಚು ಫ್ರಂಟ್ ವ್ಯೂಗೆ ಹತ್ತಿರ. ಫಸ್ಟ್ ಆಂಗಲ್‌ನಲ್ಲಿ ಅದು ಹಿಂದಿನ ಅಂಚು, ಥರ್ಡ್ ಆಂಗಲ್‌ನಲ್ಲಿ ಮುಂದಿನದು. ಇದನ್ನು ಉಲ್ಟಾ ಓದಿದರೆ ಟ್ಯಾಪ್ ಆ ಕಡೆಯ ಬದಲು ಈ ಕಡೆ ಬರುತ್ತದೆ, ಜಾಬ್ ಸ್ಕ್ರ್ಯಾಪ್.

ಬಾಣ ಹಾಕಿ ಪಕ್ಕದಲ್ಲಿ ‘ಎ’ ಅಂತ ಅಕ್ಷರ ಕೊಟ್ಟಿದ್ದರೆ ಮಾತ್ರ ಈ ಪರೀಕ್ಷೆ ನಂಬಬೇಡಿ. ಆಗ ವ್ಯೂವನ್ನು ಶೀಟ್‌ನಲ್ಲಿ ಎಲ್ಲಿ ಬೇಕಾದರೂ ಇಡಬಹುದು. ಅಕ್ಷರದ ಜೊತೆ ಬಾಗಿದ ಬಾಣ ಇದ್ದರೆ ವ್ಯೂವನ್ನು ತಿರುಗಿಸಿ ನೆಟ್ಟಗೆ ಮಾಡಿಟ್ಟಿದ್ದಾರೆ ಅಂತ ಅರ್ಥ. ಬಾಣದ ಬುಡದಲ್ಲಿ ನಿಂತು ಅದರ ಮೊನೆಯ ಕಡೆ ನೋಡುತ್ತಿದ್ದೀರಿ ಅಂದುಕೊಂಡು ಓದಿ.

ವ್ಯೂ ಅರ್ಧಕ್ಕೆ ನಿಂತು, ತುದಿಯಲ್ಲಿ ಕೈಯಲ್ಲಿ ಎಳೆದಂಥ ಸಣ್ಣ ಅಂಕುಡೊಂಕು ಗೆರೆ ಇದ್ದರೆ ಗಾಬರಿ ಬೇಡ. ಓರೆ ಮುಖ ಅಷ್ಟನ್ನೇ ತೋರಿಸಿದ್ದಾರೆ. ಬೇಸನ್ನೂ ಎಳೆದರೆ ಅದು ಇಲ್ಲಿ ಕುಗ್ಗಿ ಕಾಣುತ್ತದೆ, ಸುಮ್ನೆ ಗೊಂದಲ. ಅದೇ ಕಾರಣಕ್ಕೆ ಟಾಪ್ ವ್ಯೂನಲ್ಲಿ ಓರೆ ಭಾಗವನ್ನು ಬಿಟ್ಟಿರುವುದೂ ಉಂಟು. ಒಳ್ಳೆಯ ಡ್ರಾಫ್ಟ್ಸ್‌ಮನ್ ಕೆಲಸ ಅದು, ಮರೆತಿರುವುದಲ್ಲ.

ಇನ್ನು ಮುಖ ಮೂರು ವ್ಯೂನಲ್ಲೂ ಎಲ್ಲೂ ಗೆರೆಯಾಗಿ ಕಾಣದಿದ್ದರೆ, ಅದು ಎರಡು ಕಡೆಗೂ ಓರೆ. ಆಗ ಒಂದು ಆಕ್ಸಿಲರಿ ಸಾಲದು. ಮೊದಲನೆಯದರಲ್ಲಿ ಅದು ಗೆರೆಯಾಗುತ್ತದೆ, ಅದರಿಂದ ಎಳೆದ ಎರಡನೆಯದರಲ್ಲಿ ಅಸಲಿ ಆಕಾರ ಬರುತ್ತದೆ.

ಅಳತೆ ತೆಗೆಯುವಾಗ ಹಂಚಿಕೊಂಡು ತೆಗೆಯಿರಿ. ತೂತುಗಳ ಜಾಗ, ಮುಖದ ಆಕಾರ ಆಕ್ಸಿಲರಿಯಿಂದ. ಕೋನ, ಪ್ಲೇಟಿನ ದಪ್ಪ, ತೂತಿನ ಆಳ ಫ್ರಂಟ್ ವ್ಯೂನಿಂದ. 20ರ ತೂತಿನ ಸೆಂಟರ್ ಕೆಳಗಿನ ಅಂಚಿನಿಂದ 25 ಅಂತಿದ್ದರೆ ಅದು ಓರೆಯ ಉದ್ದಕ್ಕೂ ಅಳೆದ 25. ಟಾಪ್ ವ್ಯೂನಲ್ಲಿ ಅದೇ 21.65 ಆಗುತ್ತದೆ. ಆ ಲೆಕ್ಕ ಹಿಡಿದು ಜಾಬ್ ಓರೆ ಮಾಡದೆ ನೇರ ಡ್ರಿಲ್ ಇಳಿಸಿದರೆ ತೂತೇ ಸೊಟ್ಟ. ಓರೆ ಮುಖವನ್ನು ಮಟ್ಟಕ್ಕೆ ತನ್ನಿ. ಕೋನ ಹಿಡಿಸಲು ಸೈನ್ ಬಾರ್ (ಎರಡು ತುದಿಯಲ್ಲೂ ರೋಲರ್ ಇರುವ ಪಟ್ಟಿ) ಬಳಸಿ. 200 ಮಿಮೀಯದಾದರೆ ಒಂದು ರೋಲರ್ ಕೆಳಗೆ 100 ಮಿಮೀ ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡು) ಇಟ್ಟರೆ 30 ಡಿಗ್ರಿ ಆಯಿತು. ಮುಖದ ಮೇಲೆ ಡಯಲ್ ಗೇಜ್ ಓಡಿಸಿ ಮಟ್ಟ ನೋಡಿಕೊಂಡರೆ ಆಕ್ಸಿಲರಿಯ 25, 12 ನೇರವಾಗಿ ಡಿಆರ್‌ಒಗೆ (ಮೆಷಿನ್‌ನ ಡಿಜಿಟಲ್ ಅಳತೆ ಫಲಕಕ್ಕೆ) ಹಾಕಬಹುದು.