45 ಮೆಗಾಪಿಕ್ಸೆಲ್ ಬೇಕಾ? ನೀರಿನ ಟ್ಯಾಂಕ್ ನೋಡಿ ತೀರ್ಮಾನಿಸಿದೆ

ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ರಿವರ್ ಟರ್ನ್ ಹಕ್ಕಿಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗಲೆಲ್ಲ ಒಂದೇ ಕೊರಗು. ಹಳದಿ ಕೊಕ್ಕು ಪರವಾಗಿಲ್ಲ, ಕರಿ ಟೋಪಿಯೊಳಗಿನ ಕಣ್ಣು ಮಾತ್ರ ಮಸುಕು. ನನ್ನದು 20.9 ಮೆಗಾಪಿಕ್ಸೆಲ್‌ನ ನಿಕಾನ್ ಡಿ500. 45.7 ಮೆಗಾಪಿಕ್ಸೆಲ್‌ನ ಡಿ850 ತಗೊಂಡರೆ ಕಣ್ಣಿನ ಹೊಳಪೂ ಸಿಗುತ್ತದೆ ಅಂದುಕೊಂಡು ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಹುಡುಕತೊಡಗಿದ್ದೆ.

ಕೊಳ್ಳುವ ಮೊದಲು ಎರಡು ದಿನಕ್ಕೆ ಬಾಡಿಗೆಗೆ ತಂದೆ. ತಾರಸಿಯಲ್ಲಿ ಟ್ರೈಪಾಡ್ ನಿಲ್ಲಿಸಿ, ನನ್ನ 200-500 ಎಂಎಂ ಜೂಮ್ ಲೆನ್ಸ್ ಹಾಕಿ, ಹಿಂದಿನ ಬೀದಿಯ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಕಾಗೆಗೆ ಗುರಿಯಿಟ್ಟೆ. ಬಾಡಿ ಬದಲಿಸುವಷ್ಟರಲ್ಲಿ ಕಾಗೆ ಹಾರಿಹೋಯಿತು. ಟ್ಯಾಂಕ್ ಎಲ್ಲಿಗೂ ಹೋಗುವುದಿಲ್ಲವಲ್ಲ, ಅದರ ಮೇಲಿನ ಅಕ್ಷರಗಳನ್ನೇ ಎರಡರಲ್ಲೂ ತೆಗೆದೆ. ಡಿ500ರಲ್ಲಿ ಆ ಅಕ್ಷರಗಳ ಸಾಲು 1,400 ಪಿಕ್ಸೆಲ್ ಉದ್ದ ಬಂತು. ಡಿ850ರಲ್ಲಿ 1,360!

ಕೂತು ಯೋಚಿಸಿದರೆ ಸರಿಯೇ. ಲೆನ್ಸ್ ಅದೇ, ದೂರ ಅದೇ. ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಮೇಲೆ ಹಕ್ಕಿ ಎರಡರಲ್ಲೂ ಒಂದೇ ಗಾತ್ರದಲ್ಲಿ ಬೀಳುತ್ತದೆ. ಡಿ850ರ ಸೆನ್ಸರ್ ದೊಡ್ಡದು, ಅದರ 45 ಮೆಗಾಪಿಕ್ಸೆಲ್ ಆ ಅಗಲಕ್ಕೆಲ್ಲ ಹರಡಿರುತ್ತದೆ. ಡಿ500ರಷ್ಟು ಜಾಗ ಕತ್ತರಿಸಿಕೊಂಡರೆ ಉಳಿಯುವುದು 19.4 ಮಾತ್ರ. ಮಿಕ್ಕಿದ್ದಕ್ಕೆ ದುಡ್ಡು ಕೊಟ್ಟು ನಾನು ತರುತ್ತಿದ್ದದ್ದು ಸುತ್ತಲಿನ ನೀರು, ಆಕಾಶ. ಜೊತೆಗೆ 50 ಎಂಬಿ ಹತ್ತಿರದ ರಾ (ಸೆನ್ಸರ್ ಕೊಟ್ಟ ಕಚ್ಚಾ) ಫೈಲುಗಳು. ನನ್ನ ಹಳೇ ಲ್ಯಾಪ್‌ಟಾಪ್ ಅವನ್ನು ತೆರೆಯಲು ತಿಣುಕಾಡಿತು.

ಹಂಪಿಯ ಬಂಡೆಗಳನ್ನು ತೆಗೆಯುವ ಗೆಳೆಯನೊಬ್ಬ 24 ಮೆಗಾಪಿಕ್ಸೆಲ್‌ನ ಡಿ750 ಬಿಟ್ಟು ಡಿ850ನ್ನೇ ಕೊಂಡಿದ್ದಾನೆ. ಅವನ ಲೆಕ್ಕ ಬೇರೆ. ಫ್ರೇಮ್ ಪೂರ್ತಿ ಬಳಸುತ್ತಾನೆ, ದೊಡ್ಡ ಪ್ರಿಂಟ್ ಹಾಕಿಸುತ್ತಾನೆ. ಅವನಿಗೂ 24ರಿಂದ 45ಕ್ಕೆ ಹೋದಾಗ ಫೋಟೋದ ಉದ್ದ 6,016ರಿಂದ 8,256 ಪಿಕ್ಸೆಲ್ ಆಯಿತು ಅಷ್ಟೇ, ಎರಡರಷ್ಟೇನೂ ಅಲ್ಲ. ನಮ್ಮ ಮನೆಯ ಗೋಡೆಯಲ್ಲಿ 12x18 ಇಂಚಿಗಿಂತ ದೊಡ್ಡ ಪ್ರಿಂಟೇ ಇಲ್ಲ. ಇಂಚಿಗೆ 300 ಪಿಕ್ಸೆಲ್ ಅಂದರೂ 5,400 ಸಾಕು. ಡಿ500 ಫ್ರೇಮ್ ಪೂರ್ತಿ ಬಳಸಿದರೆ 5,568 ಇದೆ.

ಹಾಗಾದರೆ ಕಣ್ಣು ಯಾಕೆ ಮಸುಕು? ಹಳೇ ಫೋಟೋಗಳ ಶಟರ್ ವೇಗ ತೆಗೆದು ನೋಡಿದೆ, ಮುಕ್ಕಾಲುಪಾಲು 1/640 ಸೆಕೆಂಡ್. ಓಲಾಡುವ ದೋಣಿ, 500 ಎಂಎಂ ಲೆನ್ಸ್, ಹಾರುವ ಹಕ್ಕಿ, ಅದರ ಮೇಲೆ 1/640! ವೇಗ ಹೆಚ್ಚಿಸಿದರೆ ಬೆಳಕು ಕಮ್ಮಿ, ಅದಕ್ಕೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕು; ಅದು ಜಾಸ್ತಿಯಾದರೆ ಫೋಟೋ ಕಾಳುಕಾಳಾಗುತ್ತದೆ ಅಂತ ಸುಮ್ನೆ ಹೆದರಿಕೊಂಡಿದ್ದೆ.

ಬಾಡಿಗೆ ಕ್ಯಾಮೆರಾ ವಾಪಸ್ ಕೊಟ್ಟೆ. ಮುಂದಿನ ಭಾನುವಾರ ಬೆಳಗಿನ ಮೊದಲ ದೋಣಿ ಹತ್ತಿ, 1/2500 ಇಟ್ಟು, ಐಎಸ್ಒ 1,600 ತನಕ ಏರಲು ಬಿಟ್ಟೆ. ಒಂದಷ್ಟು ಕಾಳು ಬಂತು, ನಿಜ. ನಾಲ್ಕು ಫೋಟೋಗಳಲ್ಲಿ ಕರಿ ಟೋಪಿಯೊಳಗೆ ಬಿಸಿಲಿನ ಒಂದು ಚುಕ್ಕೆ ಮಿನುಗುತ್ತಿತ್ತು.