ಕ್ಯಾಲ್ಕುಲೇಟರ್ ತೋರಿಸಿದ್ದೆಲ್ಲ ಬರೆಯಬೇಡಿ

ಪಿಯುಸಿ ಫಿಸಿಕ್ಸ್ ಪ್ರಾಕ್ಟಿಕಲ್ ಇರುವ ಮಕ್ಕಳಿಗೆ ಒಂದು ಸಲಹೆ. 3.2 ಸೆಂ.ಮೀ.ಗೆ 4.15 ಸೆಂ.ಮೀ. ಗುಣಿಸಿದರೆ ಕ್ಯಾಲ್ಕುಲೇಟರ್ 13.28 ಅನ್ನುತ್ತದೆ. ನೀವು 13 ಚದರ ಸೆಂ.ಮೀ. ಅಂತಷ್ಟೇ ಬರೆಯಿರಿ. 3.2ರಲ್ಲಿ ಇರುವುದೇ ಎರಡು ಸಾರ್ಥಕ ಅಂಕಿ (significant figure, ಅಂದರೆ ಅಳತೆಯಲ್ಲಿ ನಿಜಕ್ಕೂ ಅರ್ಥವಿರುವ ಅಂಕಿ), ಉತ್ತರಕ್ಕೆ ಜಾಸ್ತಿ ಎಲ್ಲಿಂದ ಬರಬೇಕು, ಅಲ್ವಾ? ಕೂಡುವಾಗ, ಕಳೆಯುವಾಗ ಮಾತ್ರ ದಶಮಾಂಶ ಸ್ಥಾನ ನೋಡಿ: 12.4 + 3.256 ಅಂದರೆ 15.7, ಯಾಕಂದರೆ 12.4ರಲ್ಲಿ ದಶಮಾಂಶದ ನಂತರ ಒಂದೇ ಸ್ಥಾನ.

ನಿಜವಾದ ತಲೆನೋವು ಸೊನ್ನೆಗಳದ್ದು. 0.0045ರಲ್ಲಿ 4ರ ಎಡಕ್ಕಿರುವ ಸೊನ್ನೆಗಳು ಲೆಕ್ಕಕ್ಕಿಲ್ಲ. 4.50ರ ಕೊನೆಯ ಸೊನ್ನೆ ಲೆಕ್ಕಕ್ಕುಂಟು. ಬೆಂಗಳೂರಿನ ಎತ್ತರ ಸುಮಾರು 920 ಮೀಟರ್ ಅಂದಾಗ ಸಾರ್ಥಕ ಅಂಕಿ ಎರಡೋ ಮೂರೋ ಗೊತ್ತಾಗುವುದಿಲ್ಲ. 9.2 × 10² ಅಂತ ಬರೆದರೆ ಗೊಂದಲವೇ ಇಲ್ಲ.

ನಡುವಿನ ಹಂತಗಳಲ್ಲಿ ಸುಮ್ನೆ ರೌಂಡ್ ಮಾಡಬೇಡಿ, ಕೊನೆಗೆ ಒಂದೇ ಸಲ ಸಾಕು. ಲೋಲಕದ 20 ಆಂದೋಲನ ಅನ್ನುವಾಗ ಆ 20ಕ್ಕೆ ಸಾರ್ಥಕ ಅಂಕಿಯ ನಿಯಮ ಹಚ್ಚಬೇಡಿ. ಅದು ಎಣಿಸಿದ್ದು, ಅಳೆದದ್ದಲ್ಲ.